ಆಡಿಟ್ ದಿನ ಸುಳ್ಳು ಹೇಳಿಬಿಟ್ಟೆ, ಈಗ ಏನು ಮಾಡಲಿ?

ಪ್ರಶ್ನೆ:
ಪೀಣ್ಯದ ಒಂದು ಗಾರ್ಮೆಂಟ್ಸ್‌ನಲ್ಲಿ ಹನ್ನೊಂದು ವರ್ಷಗಳಿಂದ ಟೈಲರ್ ಆಗಿದ್ದೇನೆ. ಟಾರ್ಗೆಟ್ ಮುಗಿಯದಿದ್ದರೆ, ಕೆಲಸ ಮುಗಿಸಿ ಹೊರಟಂತೆ ಕಾರ್ಡ್ ಪಂಚ್ ಮಾಡಿಸಿ ಮತ್ತೆ ಮೆಷಿನ್ ಮುಂದೆ ಕೂರಿಸುತ್ತಾರೆ. ಆ ಹೆಚ್ಚುವರಿ ಗಂಟೆಗಳಿಗೆ ಓಟಿ ಹಣ ಕೊಡುವುದಿಲ್ಲ. ವಿದೇಶಿ ಬ್ರ್ಯಾಂಡ್‌ನವರು ಆಡಿಟ್‌ಗೆಂದು, ನಮ್ಮ ಕೆಲಸದ ಸ್ಥಿತಿ ವಿಚಾರಿಸಲು ಬಂದಾಗ ಸೂಪರ್‌ವೈಸರ್ ಪಕ್ಕದಲ್ಲೇ ನಿಂತಿದ್ದರು. ‘ಎಲ್ಲ ಸರಿಯಿದೆ’ ಎಂದುಬಿಟ್ಟೆ. ಆ ಮಾತು ಇನ್ನೂ ಗಂಟಲಲ್ಲೇ ಇದೆ.

ಉತ್ತರ 1:
ಅಕ್ಕಾ, ಹೆದರಿದ್ದು ನಿಮ್ಮ ತಪ್ಪಲ್ಲ. ಕಾರ್ಖಾನೆಯೊಳಗೆ ಪಡೆದ ಹೇಳಿಕೆಯನ್ನು ನಾನಂತೂ ನಂಬುವುದಿಲ್ಲ. ನಿಜ ಹೊರಬರುವುದು ಕೆಲಸಗಾರರ ಮನೆಯಲ್ಲಿ, ಅವರ ಪರಿಚಯದವರ ಎದುರು. ಇವತ್ತಿನಿಂದಲೇ ಒಂದು ನೋಟ್‌ಬುಕ್ ಇಡಿ. ಒಳಹೋದ ಸಮಯ, ಪಂಚ್ ಮಾಡಿದ ಸಮಯ, ನಿಜವಾಗಿ ಗೇಟು ದಾಟಿದ ಸಮಯ, ಲೈನ್ ನಂಬರ್ ಎಲ್ಲವನ್ನೂ ಬರೆಯಿರಿ. ಸಂಬಳದ ಚೀಟಿ ಎಸೆಯಬೇಡಿ. ಲೇಬಲ್‌ನಲ್ಲಿರುವ ಬ್ರ್ಯಾಂಡ್ ಹೆಸರನ್ನೂ ಗುರುತು ಹಾಕಿಕೊಳ್ಳಿ, ದೂರು ಅವರಿಗೂ ತಲುಪಬೇಕು.

ಉತ್ತರ 2:
ಹೆಚ್ಚುವರಿ ಗಂಟೆಗಳಿಗೆ ಎರಡು ಪಟ್ಟು ಕೂಲಿ ಕಾನೂನಿನಲ್ಲೇ ಇದೆ, ಅದು ಯಾರ ಉಪಕಾರವೂ ಅಲ್ಲ. ಆದರೆ ಒಬ್ಬರೇ ಹೋಗಬೇಡಿ, ಯೂನಿಯನ್ ಜೊತೆ ಹೋಗಿ. 2016ರ ಏಪ್ರಿಲ್‌ನಲ್ಲಿ ಪಿಎಫ್ (ಭವಿಷ್ಯ ನಿಧಿ) ಹಣ ತೆಗೆಯಲು ಮಿತಿ ಹಾಕಿದ ನಿಯಮದ ವಿರುದ್ಧ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಸಾವಿರಾರು ಸಂಖ್ಯೆಯಲ್ಲಿ ರಸ್ತೆಗಿಳಿದಾಗ ಕೇಂದ್ರ ಸರ್ಕಾರವೇ ಅದನ್ನು ಹಿಂಪಡೆಯಿತು.

ಪ್ರಶ್ನೆ ಕೇಳಿದವರು:
ನಮ್ಮ ಲೈನಿನ ನಾಲ್ವರು ಒಪ್ಪಿದ್ದಾರೆ. ನಾಳೆ ರಾತ್ರಿ ಚೀಟಿಗಳನ್ನು ಹಿಡಿದು ನಮ್ಮ ಮನೆಗೆ ಬರುತ್ತಾರೆ.