ಕೈ ಚಾಚುವ ಪರೀಕ್ಷೆ: ಗಿಡ್ಡ ಇದ್ದವರು, ಎತ್ತರ ಇದ್ದವರು – ಹೋಲಿಸೋದು ಹೆಂಗ?

ಪ್ರಶ್ನೆ – ಶಿಬಿರದವ, ಧಾರವಾಡ
ಹಿರಿಯರ ತಪಾಸಣಾ ಶಿಬಿರದಾಗ ಸಮತೋಲನ ನೋಡಾಕ ಫಂಕ್ಷನಲ್ ರೀಚ್ ಟೆಸ್ಟ್ (ನಿಂತಲ್ಲೇ ಕೈ ಎಷ್ಟು ಮುಂದ ಚಾಚ್ತಾರ ಅಂತ ಅಳಿಯೂದು) ಇಟ್ಟೇವ್ರಿ. ಐದಡಿ ಅಜ್ಜಿಗೆ 24 ಸೆಂ.ಮೀ., ಆರಡಿ ಅಜ್ಜಗ 33 ಬಂದ್ರ ಅಜ್ಜಿ ಬೀಳೂ ಪೈಕಿ ಅಂತ ಬರೀಬೇಕೇನು? ಎತ್ತರದಿಂದ ಭಾಗಿಸಬೇಕೇನು? ಹೊಟ್ಟಿ ಬಂದವರಿಗೆ ಬ್ಯಾರೆ ಲೆಕ್ಕ ಐತೇನು?

ಉತ್ತರ – ಫಿಸಿಯೊ, ಹುಬ್ಬಳ್ಳಿ
ಭಾಗಿಸೂದು ಆಮ್ಯಾಲೆ, ಮೊದ್ಲ ಅಳತಿ ಸರಿ ಇರ್ಲಿ. ಟೇಪು ಗ್ವಾಡಿಗೆ ಭುಜದ ಮಟ್ಟಕ್ಕ ಅಡ್ಡ ಹಚ್ಚಬೇಕು. ಆಳಿಗೊಮ್ಮೆ ಆ ಮಟ್ಟ ಬದಲಿಸಬೇಕು. ಬರಿಗಾಲಾಗ ಗ್ವಾಡಿ ಮುಟ್ಟದಂಗ ನಿಲ್ಲಿಸಿ, ಪಾದದ ಸುತ್ತ ಖಡುವಿನಿಂದ ಗೆರಿ ಹೊಡೀರಿ. ಕೈ ಮುಂದ 90 ಡಿಗ್ರಿ ಎತ್ತಿ, ಮುಷ್ಟಿ ಕಟ್ಟಿ, ಪಾದ ಕದಲಿಸದ ಮುಂದ ಬಾಗಿ ಚಾಚಲಿ. ನಡುಬೆರಳಿನ ಗೆಣ್ಣು ಎಲ್ಲಿಂದ ಎಲ್ಲಿಗೆ ಹೋತು ಅನ್ನೂದು ಅಳತಿ. ಎರಡು ಸಲ ರೂಢಿಗೆ, ಮುಂದಿನ ಮೂರರ ಸರಾಸರಿ ತಗೋರಿ. ಬಾಜೂಕ ಹಿಡಿಯಾಕ ಒಬ್ಬರು ಇರಲೇಬೇಕು.

ಕೆಡೂದು ಎಲ್ಲಿ ಅಂದ್ರ, ಟೊಂಕ ತಿರುವಿ ಭುಜ ಮುಂದ ತರ್ತಾರ, ಇಲ್ಲಾ ಹಿಮ್ಮಡ ಎತ್ತತಾರ. ಸೀರಿ ನೆರಿಗಿ, ಧೋತ್ರದ ಅಂಚು ಹಿಮ್ಮಡ ಮುಚ್ಚಿರ್ತಾವು, ನಿಮಗ ಕಾಣೂದ ಇಲ್ಲ. ನಾಕು ಬಟ್ಟು ಮ್ಯಾಲೆ ಸಿಗಿಸಿಕೊಳ್ಳಾಕ ಹೇಳ್ರಿ. ಹಿಮ್ಮಡ ಎದ್ದರ ಆ ಸಲದ್ದು ಲೆಕ್ಕಕ್ಕಿಲ್ಲ.

ಉತ್ತರ – ಗದಗ
ಅಜ್ಜಿಯ ಹೆಸರಿನ ಮುಂದೆ ‘ಅಪಾಯ’ ಅಂತ ಬರೆಯಬೇಡಿ. ಪಮೇಲಾ ಡಂಕನ್ ಮತ್ತು ಸಂಗಡಿಗರು 1990ರಲ್ಲಿ ಈ ಪರೀಕ್ಷೆ ಪ್ರಕಟಿಸಿದಾಗಲೇ ಅಳತೆ ವಯಸ್ಸು ಮತ್ತು ಎತ್ತರದ ಮೇಲೆ ನಿಂತಿದೆ ಎಂದು ತೋರಿಸಿದ್ದರು. ಅವರ ಸರಾಸರಿ: 20–40 ವಯಸ್ಸಿನ ಗಂಡಸರಿಗೆ ಸುಮಾರು 42 ಸೆಂ.ಮೀ., ಹೆಂಗಸರಿಗೆ 37. 70 ದಾಟಿದವರಲ್ಲಿ 33 ಮತ್ತು 27. ಅದೂ ಅಮೆರಿಕದವರದು. ಎಲ್ಲರೂ ಹೇಳುವ 25 ಮತ್ತು 15 ಸೆಂ.ಮೀ. ಗಡಿ (25ಕ್ಕಿಂತ ಕಡಿಮೆಯಾದರೆ ಬೀಳುವ ಅಪಾಯ, 15ಕ್ಕಿಂತ ಕಡಿಮೆಯಾದರೆ ಇನ್ನೂ ಹೆಚ್ಚು) ಬಂದಿದ್ದು ವಯಸ್ಸಾದ ಮಾಜಿ ಸೈನಿಕರ ಮೇಲಿನ ಅಧ್ಯಯನದಿಂದ, ಎಲ್ಲರೂ ಗಂಡಸರು. ಐದಡಿ ಅಜ್ಜಿಗೆ 24 ಬಂದರೆ ಗಾಬರಿಯಾಗುವಂಥದ್ದಲ್ಲ. 15ಕ್ಕಿಂತ ಕೆಳಗೆ ಬಂದರೆ ಮಾತ್ರ ಎತ್ತರದ ನೆಪ ಹೇಳಬೇಡಿ.

ಈ ಗಡಿಗಳು ನೇರವಾಗಿ ಅಳೆದ ಸೆಂ.ಮೀ.ದವು, ಎತ್ತರದಿಂದ ಭಾಗಿಸಿದ ಸಂಖ್ಯೆಗೆ ಹೊಂದುವುದಿಲ್ಲ. ಕಾಲಿನ ಉದ್ದದಿಂದ ಭಾಗಿಸುವುದು ವೈ ಬ್ಯಾಲೆನ್ಸ್ ಟೆಸ್ಟ್‌ನ (ಒಂಟಿಗಾಲಲ್ಲಿ ನಿಂತು ಇನ್ನೊಂದು ಕಾಲು ಚಾಚುವ ಪರೀಕ್ಷೆ) ಪದ್ಧತಿ: ಟೊಂಕದ ಮುಂದಿನ ಎಲುಬಿನ ಮೊನೆಯಿಂದ ಒಳಗಿನ ಹರಡಿನವರೆಗೆ ಕಾಲು ಅಳೆದು, ಚಾಚಿದ್ದನ್ನು ಅದರಿಂದ ಭಾಗಿಸಿ ನೂರರಿಂದ ಗುಣಿಸುತ್ತಾರೆ. ಒಂಟಿಗಾಲಿನ ಆ ಆಟ ಹರೆಯದವರಿಗೆ ಸರಿ, ನಿಮ್ಮ ಶಿಬಿರಕ್ಕೆ ಬೇಡ.

ಉತ್ತರ – ಫಿಸಿಯೊ, ಹುಬ್ಬಳ್ಳಿ
ಹೊಟ್ಟಿ ವಿಷಯ: ಭಾರ ಮೊದಲ ಮುಂದ ಇರ್ತದ, ಹಂಗಾಗಿ ಮುಂದ ಬಾಗಾಕ ಉಳಿಯೂ ಜಾಗ ಕಡಿಮಿ, ಮೀನಖಂಡ ಜಾಸ್ತಿ ಎಳೀಬೇಕಾಗ್ತದ. ಅದಕ್ಕ ಬ್ಯಾರೆ ಸೂತ್ರ ಇಲ್ಲ, ತೂಕ, ಎತ್ತರ ಬಾಜೂಕ ಬರದಿಡ್ರಿ ಸಾಕು. ಸಕ್ಕರಿ ಕಾಯಿಲೆ ಐತೇನು ಅನ್ನೂದು ಇದಕ್ಕಿಂತ ದೊಡ್ಡ ಪ್ರಶ್ನೆ. ಅಂಗಾಲು ಜೋಮು ಹಿಡಿದವರಿಗೆ ಭಾರ ಎತ್ತಾಗ ವಾಲಾಕತ್ತೇತಿ ಅಂತ ತಿಳಿಯೂದಿಲ್ಲ. 10 ಗ್ರಾಂ ಮೊನೊಫಿಲಮೆಂಟ್ (ಮುಟ್ಟಿದ್ದು ತಿಳೀತದೇನು ಅಂತ ನೋಡೂ ನೈಲಾನ್ ಎಳಿ) ಇದ್ದರ ಅಂಗಾಲಿಗೆ ಹಚ್ಚಿ ನೋಡ್ರಿ.

ಪ್ರಶ್ನೆ – ಶಿಬಿರದವ, ಧಾರವಾಡ
ಭುಜ ಹಿಡಿದವರು ಕೈ ಎತ್ತಂಗಿಲ್ಲಲ್ರಿ?

ಉತ್ತರ – ಗದಗ
ಇನ್ನೊಂದು ಕೈಯಿಂದ ಮಾಡಿಸಿ, ಯಾವ ಕೈ ಅಂತ ಬರೆದುಕೊಳ್ಳಿ. ಎರಡೂ ಆಗದಿದ್ದರೆ ಕುರ್ಚಿಯಿಂದ ಎದ್ದು, 3 ಮೀಟರ್ ನಡೆದು, ತಿರುಗಿ ಬಂದು ಕೂರುವುದಕ್ಕೆ ಗಡಿಯಾರ ಹಿಡಿಯಿರಿ. 12 ಸೆಕೆಂಡು ಅಥವಾ ಹೆಚ್ಚು ಹಿಡಿದರೆ ಡಾಕ್ಟರಿಗೆ ತೋರಿಸಲು ಚೀಟಿ ಕೊಡಿ.