ಕಾಗದದ ಕಾನ್‌ಸ್ಟಲೇಷನ್ ಟೆಸ್ಟ್ ಬಿಲ್ಡ್: ಕಟ್ಟಿದವರು ಅನುಭವ ಹೇಳಿ

ಹೊಸ ಕತ್ತರಿ: ಸ್ನೇಹಿತರೊಬ್ಬರು ಲಾಕ್‌ಹೀಡ್ ಕಾನ್‌ಸ್ಟಲೇಷನ್ 749 ವಿಮಾನದ ಕಾಗದದ ಮಾದರಿ ಡಿಸೈನ್ ಮಾಡಿದ್ದಾರೆ. 1:100, ಏರ್ ಇಂಡಿಯಾ ಇಂಟರ್‌ನ್ಯಾಷನಲ್‌ನ ‘ಮಲಬಾರ್ ಪ್ರಿನ್ಸೆಸ್’. ಎಲ್ಲರಿಗೂ ಕೊಡೋ ಮುಂಚೆ ನಾನು ಕಟ್ಟಿ ತಪ್ಪು ಹುಡುಕಬೇಕು. ಹಾಳೆ 160 ಜಿಎಸ್‌ಎಂ (ಚದರ ಮೀಟರಿಗೆ ಗ್ರಾಂ) ಸಾಕಾ, 200 ಬೇಕಾ? ಮೊದಲು ಬಣ್ಣದ ಪ್ರಿಂಟ್ ಇಲ್ಲದ ಬಿಳಿ ಹಾಳೆಯಲ್ಲಿ ಕಟ್ಟಲಾ?

ಮೈಸೂರು ರೆಕ್ಕೆ: ಇದೇ ವಿಮಾನವನ್ನ 1:72ರಲ್ಲಿ ಟೆಸ್ಟ್ ಮಾಡಿದ್ದೀನಿ, ರೆಕ್ಕೆ ತುದಿಯಿಂದ ತುದಿಗೆ 52 ಸೆಂ.ಮೀ. ಬಿಳಿ ಹಾಳೆ ಬೇಡವೇ ಬೇಡ. ಇದರ ಮೈ ನೆಟ್ಟಗಿನ ಕೊಳವೆ ಅಲ್ಲ, ಮೂತಿ ಕೆಳಗೆ ಬಾಗಿದೆ, ಬಾಲ ಮೇಲೆದ್ದಿದೆ. ಸುತ್ತಿ ಒಂದಕ್ಕೊಂದು ಅಂಟಿಸೋ ಉಂಗುರಗಳಲ್ಲಿ ಒಂದರ ಹಾಗೆ ಇನ್ನೊಂದಿಲ್ಲ. ನನಗೆ ಬಂದ ಫೈಲಲ್ಲಿ ಏಳನೇ ಉಂಗುರದ ಹಿಂಬಾಯಿ ಅರ್ಧ ಮಿ.ಮೀ. ಚಿಕ್ಕದಿತ್ತು. ಅಲ್ಲಿಂದ ಕಿಟಕಿ ಸಾಲು ತಿರುಚಿಕೊಳ್ತಾ ಹೋಗಿ, ಬಾಲದ ಮೂರು ಫಿನ್ (ನೆಟ್ಟಗೆ ನಿಲ್ಲೋ ರೆಕ್ಕೆ) ಕೂರಿಸೋ ಹೊತ್ತಿಗೆ ಎಡಗಡೆಯದು ಕೆಳಗೆ ವಾಲಿತ್ತು. ಕಿಟಕಿ ಪ್ರಿಂಟ್ ಇದ್ದಿದ್ದಕ್ಕೆ ಅದು ಕಣ್ಣಿಗೆ ಬಿತ್ತು. ಖರ್ಚು ಕೇಳಿ: ಕಲರ್ ಲೇಸರ್ ಹಾಳೆಗೆ 20 ರೂಪಾಯಿಯಂತೆ 14 ಹಾಳೆ, 280. ದಪ್ಪ ಹಾಳೆ ಬೇರೆ 56. ಅಂಗಡಿಯವನು ‘ಫಿಟ್ ಟು ಪೇಜ್’ ತೆಗೆಯದೆ ರೆಕ್ಕೆಯ ಹಾಳೆಗಳನ್ನ 97 ಪರ್ಸೆಂಟಿಗೆ ಇಳಿಸಿ ಕೊಟ್ಟ. ರೆಕ್ಕೆಯ ಬುಡ ಮೈಗೆ ಕೂರಲೇ ಇಲ್ಲ. ಮತ್ತೆ 80 ರೂಪಾಯಿ.

ಹುಬ್ಬಳ್ಳಿ ಡಕೋಟಾ: ಬಿಳಿ ಹಾಳಿ ಬ್ಯಾಡ ಅನ್ನೋದು ಶುದ್ಧ ತಪ್ಪು ಸಲಹೆ ನೋಡ್ರಿ. ನಾ ಡಿಸಿ-3, ಅಂದ್ರ ಡಕೋಟಾ, ಟೆಸ್ಟ್ ಮಾಡೀನಿ, 1:50, ರೆಕ್ಕಿ 58 ಸೆಂ.ಮೀ. ಮೊದ್ಲು ಬಿಳೀದರಾಗ ಕಟ್ಟಿದ್ದಕ್ಕ ಎಂಜಿನ್ ಗೂಡಿನ ತಪ್ಪು ಎರಡು ರೂಪಾಯಿ ಹಾಳ್ಯಾಗ ಸಿಕ್ತು. ಕಿಟಕಿ ಸಾಲು ಬೇಕಂದ್ರ ಪೆನ್ಸಿಲ್‌ಲೆ ಒಂದು ಗೆರಿ ಎಳೀರಿ, ಅಷ್ಟ. ಮತ್ತ ಮೊದಲ ಸಲ ಟೆಸ್ಟ್ ಮಾಡವ್ರು ಕಾನ್‌ಸ್ಟಲೇಷನ್ ಯಾಕ ಹಿಡೀಬೇಕು? ಡಕೋಟಾ ನಮ್ಮ ವಿಮಾನ. ಯುದ್ಧ ಮುಗಿದ ಮ್ಯಾಲ ಸೇನಾ ಡಕೋಟಾಗಳನ್ನ ಬೆಂಗಳೂರಿನ ಎಚ್‌ಎಎಲ್‌ನ್ಯಾಗ ಪ್ರಯಾಣಿಕರ ವಿಮಾನ ಮಾಡಿಕೊಟ್ಟಾರ.

ಮೈಸೂರು ರೆಕ್ಕೆ: ಅವರು ಕೇಳಿದ್ದು ಕಾನ್‌ಸ್ಟಲೇಷನ್ ಬಗ್ಗೆ ಸಾರ್. 1948ರ ಜೂನ್ 8ರಂದು ಬಾಂಬೆಯಿಂದ ಕೈರೋ, ಜಿನೀವಾ ಮೇಲೆ ಲಂಡನ್ನಿಗೆ ಹೋಗಿದ್ದು ಮಲಬಾರ್ ಪ್ರಿನ್ಸೆಸ್, ಡಕೋಟಾ ಅಲ್ಲ. ಆಮೇಲೆ ಅದಕ್ಕೆ ಬಾಂಬ್ ಇಟ್ಟು ಸಮುದ್ರಕ್ಕೆ ಬೀಳಿಸಿದರು ಅನ್ನೋದಕ್ಕಾದರೂ ಅದನ್ನ ಕಟ್ಟಬೇಕು.

ಶಿರಸಿ ಅಕ್ಕ: ಬಾಂಬ್ ಇಟ್ಟಿದ್ದು ಏರ್ ಇಂಡಿಯಾದ ಇನ್ನೊಂದು ಕಾನ್‌ಸ್ಟಲೇಷನ್ ‘ಕಾಶ್ಮೀರ್ ಪ್ರಿನ್ಸೆಸ್’ಗೆ, 1955ರ ಏಪ್ರಿಲ್ 11. ಮಲಬಾರ್ ಪ್ರಿನ್ಸೆಸ್ 1950ರ ನವೆಂಬರ್ 3ರಂದು ಮಾಂಟ್ ಬ್ಲಾಂಕ್ ಬೆಟ್ಟಕ್ಕೆ ಬಡಿದದ್ದು, 48 ಜನ ಹೋದರು, ಹೆಚ್ಚಿನವರು ಹಡಗು ಹತ್ತಬೇಕಿದ್ದ ನಮ್ಮ ನಾವಿಕರು. ಆ ಹೆಸರು ಬರೆದು ಕಟ್ಟುವವರು ಇಷ್ಟು ತಿಳಿದಿರಬೇಕು.

ಹಾಳೆ ವಿಷಯ ಯಾರೂ ಸರಿಯಾಗಿ ಹೇಳಲಿಲ್ಲ. ಮೈಗೆ 160, ಒಳಗೆ ಆಕಾರ ಹಿಡಿಯುವ ಅಡ್ಡ ತಟ್ಟೆಗೆ (ಫಾರ್ಮರ್) 160ರ ಎರಡು ಹಾಳೆ ಅಂಟಿಸಿ. 1:100ರಲ್ಲಿ ಮೂತಿಯ ಎಸಳಿನಂಥ ತುಂಡು 200ರಲ್ಲಿ ಸುತ್ತುವುದಿಲ್ಲ, ಏಣು ಬೀಳುತ್ತದೆ. ಹಾಳೆಯ ನಾರು ವಿಮಾನದ ಉದ್ದಕ್ಕೇ ಇರಲಿ, ಅಡ್ಡ ಬಂದರೆ ಉಂಗುರ ದುಂಡಗಾಗದೆ ಗೆರೆ ಮುರಿಯುತ್ತದೆ. ಲೇಸರ್ ಪ್ರಿಂಟಿನ ಬಣ್ಣ ಮಡಿಕೆಯಲ್ಲಿ ಪುಡಿಯಾಗಿ ಉದುರುತ್ತದೆ. ನಾನು ಇಂಕ್‌ಜೆಟ್‌ನಲ್ಲೇ ತೆಗೆದು ಒಂದು ರಾತ್ರಿ ಒಣಗಿಸಿ, ಮ್ಯಾಟ್ ವಾರ್ನಿಷ್ ಹೊಡೆದು ಕತ್ತರಿಸುವುದು. ವಾರ್ನಿಷ್ ಡಬ್ಬಿ 450 ರೂಪಾಯಿ, ಆದರೂ ಬಿಡುವುದಿಲ್ಲ.

ಮೈಸೂರು ರೆಕ್ಕೆ: ಹೆಸರು ಅದಲುಬದಲಾಯ್ತು, ಸರಿ. ಲೇಸರ್ ಉದುರುತ್ತೆ ಅನ್ನೋದು ಮಾತ್ರ ಒಪ್ಪಲ್ಲ. ಬ್ಲೇಡಲ್ಲಿ ಗೀರಿ ಮಡಿಸಿದರೆ ಉದುರುತ್ತೆ. ರೀಫಿಲ್ ಮುಗಿದ ಪೆನ್ನಲ್ಲಿ ಒತ್ತಿ ಗೆರೆ ಎಳೆದು ನೋಡಿ.

ಹುಬ್ಬಳ್ಳಿ ಡಕೋಟಾ: ಚಕ್ರದ ಕಾಲಿನ ಮಾತು ಯಾರೂ ಎತ್ತಲಿಲ್ಲಲ್ರಿ! ದೊಡ್ಡ ಪ್ರೊಪೆಲ್ಲರ್ ನೆಲಕ್ಕ ತಾಗಬಾರದಂತ ಕಾನ್‌ಸ್ಟಲೇಷನ್ನಿನ ಕಾಲು ಉದ್ದ. ಕಾಗದದ ಮುಂಗಾಲು ಮಳೆಗಾಲದ ತಂಪಿಗೇ ಬಾಗತೈತಿ. ಒಳಗ ತಂತಿ ಹಾಕ್ರಿ.

ಶಿರಸಿ ಅಕ್ಕ: ಮಳೆಯ ಮಾತು ಶಿರಸಿಯವಳಿಗೆ ಹೇಳ್ತೀರಾ? ತೆಳು ಹಾಳೆಯನ್ನು ಫೆವಿಕಾಲ್ ಸವರಿ ಗಟ್ಟಿಯಾಗಿ ಸುರುಳಿ ಸುತ್ತಿ, ಒಣಗಿದ ಮೇಲೆ ವಾರ್ನಿಷ್ ಕುಡಿಸಿ. ನನ್ನ ಮಾದರಿ ಜುಲೈ ಕಳೆದರೂ ಆ ಕಾಲಿನ ಮೇಲೇ ನಿಂತಿದೆ. ತಂತಿ ಹಾಕುವವರು ಹಾಕಿಕೊಳ್ಳಲಿ, ಅದನ್ನು ಕಾಗದದ ಮಾದರಿ ಅಂತ ಕರೆಯುವುದು ಬೇಡ.