ಥೈರಾಯ್ಡ್ ಇದ್ದರೆ ಉಗುರು ಹೀಗೆ ಸೀಳುತ್ತದಾ?

ಕುಚ್ಚಿನ ಕೆಲಸ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ನಾನು ಮನೆಯಲ್ಲೇ ಸೀರೆಗಳಿಗೆ ಫಾಲ್ ಹೊಲಿದು, ಕುಚ್ಚು ಕಟ್ಟಿಕೊಡುತ್ತೇನೆ. ಥೈರಾಯ್ಡ್ ಕಡಿಮೆ ಇದೆ ಅಂತ ಹೋದ ವರ್ಷ ಗೊತ್ತಾಯಿತು. ಈಗ ದಿನಾ ಬೆಳಗ್ಗೆ 50 ಮೈಕ್ರೋಗ್ರಾಂನ ಥೈರಾಯ್ಡ್ ಮಾತ್ರೆ. ಸುಸ್ತು ಎಷ್ಟೋ ಕಡಿಮೆಯಾಗಿದೆ, ಆದರೆ ಉಗುರು ಮಾತ್ರ ಸರಿಹೋಗಿಲ್ಲ.

ಹೆಬ್ಬೆರಳು, ತೋರುಬೆರಳಿನ ಉಗುರಿನ ತುದಿ ಪದರ ಪದರವಾಗಿ ಬಿಡುತ್ತದೆ. ಕುಚ್ಚು ಕಟ್ಟುವಾಗ ರೇಷ್ಮೆ ಎಳೆ ಆ ಸೀಳಿನಲ್ಲಿ ಸಿಕ್ಕಿಕೊಂಡು ಸೆರಗಿನಿಂದ ಎದ್ದು ಬರುತ್ತದೆ. ಯಾರದೋ ಮದುವೆ ಸೀರೆ, ಏನಂತ ಉತ್ತರ ಕೊಡೋದು? ಬೆರಳಿಗೆ ಟೇಪ್ ಸುತ್ತಿಕೊಂಡು ಕೂರುತ್ತೇನೆ. ಉಗುರಿನ ಮೇಲೆ ಉದ್ದುದ್ದ ಗೆರೆಗಳೂ ಇವೆ.

ಕೂದಲಿಗೆ, ಉಗುರಿಗೆ ಒಳ್ಳೆಯದು ಅಂತ ಪಕ್ಕದ ಮನೆಯವರು ಹೇಳಿದ ಬಯೋಟಿನ್ (ಒಂದು ಬಿ ವಿಟಮಿನ್) ಮಾತ್ರೆಯನ್ನೂ ತೆಗೆದುಕೊಳ್ಳುತ್ತಿದ್ದೇನೆ. ಮುಂದಿನ ವಾರ ಟಿಎಸ್‌ಎಚ್ ಟೆಸ್ಟ್ ಇದೆ, ಥೈರಾಯ್ಡ್ ಮಾತ್ರೆಯ ಡೋಸ್ ಸರಿಯಿದೆಯಾ ಅಂತ ನೋಡುವ ರಕ್ತ ಪರೀಕ್ಷೆ. ಉಗುರು ಹೀಗಿದೆ ಅಂದರೆ ಡೋಸ್ ಸಾಲುತ್ತಿಲ್ಲ ಅಂತಲಾ?

ಲ್ಯಾಬ್ ಟೆಕ್ನಿಷಿಯನ್, ಹುಬ್ಬಳ್ಳಿ

ಮೇಡಂ, ಮೊದಲು ಆ ಬಯೋಟಿನ್ ವಿಷಯ ಹೇಳಿಬಿಡುತ್ತೇನೆ. ಟೆಸ್ಟಿಗೆ ರಕ್ತ ಕೊಡುವ ಮುಂಚೆ ಅದನ್ನು ನಿಲ್ಲಿಸಬೇಕು. ಕನಿಷ್ಠ ಎರಡು ದಿನ ಅಂತ ಸಾಮಾನ್ಯವಾಗಿ ಹೇಳುತ್ತಾರೆ. ಡೋಸ್ ದೊಡ್ಡದಿದ್ದರೆ ಇನ್ನೂ ಜಾಸ್ತಿ ದಿನ ಬೇಕಾಗಬಹುದು, ಡಾಕ್ಟರನ್ನು ಕೇಳಿ.

ಕಾರಣ ಇದೆ. ಥೈರಾಯ್ಡ್ ಟೆಸ್ಟ್ ಮಾಡುವ ಎಷ್ಟೋ ಮೆಷಿನ್‌ಗಳ ಕಿಟ್‌ನಲ್ಲೇ ಬಯೋಟಿನ್ ಬಳಸಿರುತ್ತಾರೆ. ರಕ್ತದಲ್ಲೂ ಅದು ತುಂಬಿಕೊಂಡಿದ್ದರೆ ಲೆಕ್ಕ ತಪ್ಪುತ್ತದೆ. ಟಿಎಸ್‌ಎಚ್ ಇರುವುದಕ್ಕಿಂತ ಕಡಿಮೆ, ಥೈರಾಯ್ಡ್ ಹಾರ್ಮೋನುಗಳಾದ ಟಿ3 ಟಿ4 ಜಾಸ್ತಿ ಅಂತ ಬರಬಹುದು, ಮಾತ್ರೆ ಜಾಸ್ತಿಯಾದವರಿಗೆ ಬರುವ ಹಾಗೆ. ರಿಪೋರ್ಟ್ ನೋಡಿದ ಡಾಕ್ಟರ್ ಮಾತ್ರೆ ಜಾಸ್ತಿಯಾಯಿತು ಅಂದುಕೊಂಡು ಡೋಸ್ ಇಳಿಸಿದರೆ ನಿಮಗೆ ಮತ್ತೆ ಸುಸ್ತು ಶುರು. ದೊಡ್ಡವರಿಗೆ ದಿನಕ್ಕೆ ಸುಮಾರು 30 ಮೈಕ್ರೋಗ್ರಾಂ ಬಯೋಟಿನ್ ಸಾಕು. ಕೂದಲಿಗೆ ಅಂತ ಮಾರುವ ಮಾತ್ರೆಯಲ್ಲಿ 5 ಅಥವಾ 10 ಮಿಲಿಗ್ರಾಂ ಇರುತ್ತದೆ. ನೂರು ಪಟ್ಟಿಗೂ ಜಾಸ್ತಿ! ರಕ್ತ ತೆಗೆಯುವವರಿಗೂ ಬಾಯಿಬಿಟ್ಟು ಹೇಳಿ, ಅವರಾಗಿ ಕೇಳುವುದಿಲ್ಲ.

ಶಿರಸಿ ಅಕ್ಕ

ತಂಗಿ, ನನ್ನದು ನಿನ್ನದಕ್ಕೆ ಉಲ್ಟಾ, ಥೈರಾಯ್ಡ್ ಜಾಸ್ತಿ ಇತ್ತು. ಉಂಗುರದ ಬೆರಳಿನ ಉಗುರು ತುದಿಯಿಂದ ಚರ್ಮ ಬಿಟ್ಟು ಮೇಲೆದ್ದಿತ್ತು. ಬಿಟ್ಟ ಜಾಗ ಬೆಳ್ಳಗೆ, ಒಳಗೆಲ್ಲ ಅರಿಶಿನ ಹೋಗಿ ಕೂರುತ್ತಿತ್ತು. ಇದಕ್ಕೆ ಪ್ಲಮ್ಮರ್ ಉಗುರು ಅನ್ನುತ್ತಾರಂತೆ. ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿದ್ದ ಹೆನ್ರಿ ಪ್ಲಮ್ಮರ್ ಅನ್ನುವ ಡಾಕ್ಟರ್ ಹೆಸರು ಅದು.

ಥೈರಾಯ್ಡ್ ಕಡಿಮೆ ಇದ್ದವರಿಗೆ ನೀನು ಹೇಳಿದ ಹಾಗೇ ಆಗುವುದುಂಟು. ಉಗುರು ಒಣಗಿ ಮುರಿಯುತ್ತದೆ, ಬೆಳೆಯುವುದೂ ನಿಧಾನ. ಆದರೆ ಉಗುರು ನೋಡಿ ಡೋಸ್ ಹೇಳಲು ಆಗುವುದಿಲ್ಲ, ಟಿಎಸ್‌ಎಚ್ಚೇ ಬೇಕು. ಕೈಬೆರಳಿನ ಉಗುರು ತಿಂಗಳಿಗೆ ಬೆಳೆಯುವುದೇ ಸುಮಾರು 3 ಮಿಲಿಮೀಟರ್. ಬುಡದಿಂದ ತುದಿಗೆ ಬರಲು ಹತ್ತಿರ ಹತ್ತಿರ ಆರು ತಿಂಗಳು ಬೇಕು. ರಕ್ತ ಸರಿಯಾದ ಮೇಲೂ ಹಳೇ ಉಗುರು ಮುಂದೆ ಹೋಗುವವರೆಗೆ ಕಾಯಲೇಬೇಕು ಅಲ್ವಾ? ಅದಕ್ಕೇ ತುದಿ ಬಿಡು, ಬುಡದ ಹತ್ತಿರ ಹೊಸದಾಗಿ ಬರುವ ಉಗುರು ಹೇಗಿದೆ ನೋಡು. ಉದ್ದ ಗೆರೆಗೆ ಹೆದರಬೇಡ, ವಯಸ್ಸಾದ ಹಾಗೆ ಸುಮಾರು ಜನರಿಗೆ ಬರುತ್ತದೆ.

ಇನ್ನೊಂದು ಮಾತು. ಹಿಮೋಗ್ಲೋಬಿನ್, ಫೆರಿಟಿನ್ (ದೇಹದಲ್ಲಿ ಕೂಡಿಟ್ಟ ಕಬ್ಬಿಣದಂಶದ ಅಳತೆ) ಕೂಡ ನೋಡೋಣವಾ ಅಂತ ಡಾಕ್ಟರನ್ನು ಕೇಳು. ಕಬ್ಬಿಣದಂಶ ಕಡಿಮೆಯಾದರೂ ಉಗುರು ಮುರಿಯುತ್ತದೆ. ತೀರಾ ಕಡಿಮೆಯಾದರೆ ಚಮಚದ ಹಾಗೆ ಗುಳಿ ಬೀಳುತ್ತದೆ.

ಕುಚ್ಚಿನ ಕೆಲಸ, ದಾವಣಗೆರೆ

ಗುಳಿ ಇಲ್ಲ ಅಕ್ಕಾ, ಈಗಷ್ಟೇ ಬೆಳಕಿಗೆ ಹಿಡಿದು ನೋಡಿದೆ. ಬುಡದಲ್ಲಿ ನುಣ್ಣಗೇ ಇದೆ. ಬಯೋಟಿನ್ ಇವತ್ತಿಂದಲೇ ಬಂದ್. ಸರ್, ಥೈರಾಯ್ಡ್ ಮಾತ್ರೆ ನುಂಗಿ ಎಷ್ಟು ಹೊತ್ತಿಗೆ ಕಾಫಿ ಕುಡಿಯಬಹುದು?

ಲ್ಯಾಬ್ ಟೆಕ್ನಿಷಿಯನ್, ಹುಬ್ಬಳ್ಳಿ

ಖಾಲಿ ಹೊಟ್ಟೆಯಲ್ಲಿ ಬರೀ ನೀರಿನ ಜೊತೆ ನುಂಗಿ, ಅರ್ಧ ಗಂಟೆಯಿಂದ ಒಂದು ಗಂಟೆ ಬಿಟ್ಟು ಕಾಫಿ. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆ ಏನಾದರೂ ಬರೆದುಕೊಟ್ಟರೆ ಅದಕ್ಕೂ ಇದಕ್ಕೂ 4 ಗಂಟೆ ಅಂತರ ಇರಲಿ.

ಶಿರಸಿ ಅಕ್ಕ

ಹೊಸ ಉಗುರು ಬರುವವರೆಗೆ ಉಗುರು ಗಿಡ್ಡ ಕತ್ತರಿಸಿಕೋ, ಸೀಳಿದ ತುದಿಯನ್ನು ಫೈಲ್‌ನಿಂದ ಮೆಲ್ಲಗೆ ಉಜ್ಜು, ಕಿತ್ತು ಎಳೆಯಬೇಡ. ಪಾತ್ರೆ ತೊಳೆಯುವಾಗ ಗ್ಲೌಸ್ ಹಾಕಿಕೋ. ರಾತ್ರಿ ಕೆಲಸ ಮುಗಿದ ಮೇಲೆ ಉಗುರಿಗೆ ಕೊಬ್ಬರಿ ಎಣ್ಣೆ ಸವರು. ಮುಂಚೆ ಸವರಿದರೆ ರೇಷ್ಮೆಗೆ ಕಲೆಯಾಗುತ್ತದೆ.